ಪಾಷಾಣವನ್ನು ಅರಗಿಸಿಕೊಂಡವರು

ಪಾಷಾಣ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ವಿಷ. ಮೂಲದಲ್ಲಿ ಕಲ್ಲು ಎಂದಷ್ಟೇ ಅರ್ಥವಿದ್ದ ಈ ಸಂಸ್ಕೃತ ಪದ ನಮ್ಮ ಆಡುಮಾತಿನಲ್ಲಿ ಕೊಲ್ಲುವ ವಸ್ತುವಿಗೇ ಹೆಸರಾಗಿ ನಿಂತಿದೆ. ಇಲಿಪಾಷಾಣವನ್ನು ಕೇಳದವರು ಯಾರಿದ್ದಾರೆ? ಹಿಂದಿನವರು ಬಳಸುತ್ತಿದ್ದ ಬಿಳಿಯ ಪಾಷಾಣ ರಸಾಯನಶಾಸ್ತ್ರದ ಭಾಷೆಯಲ್ಲಿ ಆರ್ಸೆನಿಕ್ ಎಂಬ ಮೂಲವಸ್ತುವಿನ ಆಕ್ಸೈಡು. ವೈದ್ಯಗ್ರಂಥಗಳಲ್ಲಿ ಬರುವ ಹಳದಿಯ ಹರಿತಾಳ, ಕೆಂಪು ಬಣ್ಣದ ಮನಃಶಿಲೆ ಇವೆರಡೂ ಇದೇ ಆರ್ಸೆನಿಕ್ ಗಂಧಕದೊಡನೆ ಕೂಡಿ ಆದ ಖನಿಜಗಳು.

ಮನುಷ್ಯ ಈ ವಿಷವನ್ನು ಗುರುತಿಸಿ ಕೆಲವು ಸಾವಿರ ವರ್ಷಗಳಾಗಿರಬಹುದು. ಆದರೆ ಅವನಿಗಿಂತ ಮುಂಚೆ, ಗಿಡಮರ ಪ್ರಾಣಿಗಳಾವುವೂ ಇಲ್ಲದಿದ್ದ ಕಾಲದಲ್ಲಿ, ಈ ವಿಷವನ್ನು ಎದುರಿಸಿದ ಜೀವಿಗಳಿದ್ದವು. ಅವು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವು ವಿಷವನ್ನು ಹೊರಗೆ ನೂಕಿದವು, ರೂಪ ಬದಲಿಸಿದವು, ಕೊನೆಗೆ ಅದನ್ನೇ ಜೀವನೋಪಾಯವನ್ನಾಗಿಯೂ ಮಾಡಿಕೊಂಡವು. ಇದಕ್ಕೆ ಅವು ಬಳಸಿದ ಸಾಧನಗಳೇ ಕಿಣ್ವಗಳು. ಆ ಕಿಣ್ವಗಳ ಇತಿಹಾಸವನ್ನು ಇಲ್ಲಿ ನೋಡೋಣ. ಇದು ಬರಿಯ ಕುತೂಹಲದ ವಿಷಯವಲ್ಲ. ಈ ಇತಿಹಾಸದ ಒಂದು ತುದಿ ನಮ್ಮ ಕೊಳವೆಬಾವಿಗಳಿಗೆ ಬಂದು ಮುಟ್ಟುತ್ತದೆ.

ಗೋಡೆಯ ಕಾಗದ, ದನಗಳ ತೊಟ್ಟಿ

ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಶೀಲೆ 1775ರಲ್ಲಿ ತಾಮ್ರ ಮತ್ತು ಆರ್ಸೆನಿಕ್‌ಗಳಿಂದ ಸೊಗಸಾದ ಹಸಿರು ಬಣ್ಣವೊಂದನ್ನು ತಯಾರಿಸಿದ. ಮುಂದಿನ ಶತಮಾನದಲ್ಲಿ ಯೂರೋಪಿನ ಮನೆಗಳ ಗೋಡೆಗೆ ಅಂಟಿಸುವ ಕಾಗದಗಳಲ್ಲಿ ಈ ಬಗೆಯ ಹಸಿರು ಹೇರಳವಾಗಿ ಬಳಕೆಗೆ ಬಂತು. ತೇವದ ಕೋಣೆಗಳಲ್ಲಿ ಈ ಕಾಗದದಿಂದ ಒಂದು ಕೆಟ್ಟ ವಾಸನೆ ಹೊಮ್ಮುತ್ತಿತ್ತು. ಅಲ್ಲಿ ಮಲಗುವವರಿಗೆ ಕಾಯಿಲೆ ಬರುತ್ತದೆಂಬ ಅನುಮಾನ ಹುಟ್ಟಿತು. ಜರ್ಮನಿಯ ಲಿಯೊಪೋಲ್ಡ್ ಗ್ಮೆಲಿನ್ 1839ರಲ್ಲಿಯೇ ಈ ಬಗ್ಗೆ ಜನರನ್ನು ಎಚ್ಚರಿಸಿದ್ದ. 1890ರ ದಶಕದಲ್ಲಿ ಇಟಲಿಯ ವೈದ್ಯ ಬಾರ್ಟೊಲೊಮಿಯೊ ಗೋಸಿಯೊ ಈ ಗುಟ್ಟನ್ನು ಬಿಡಿಸಿದ. ಕಾಗದದ ಅಂಟಿನ ಮೇಲೆ ಬೆಳೆಯುವ ಬೂಷ್ಟು ಬಣ್ಣದಲ್ಲಿರುವ ಆರ್ಸೆನಿಕನ್ನು ಬೆಳ್ಳುಳ್ಳಿ ವಾಸನೆಯ ಅನಿಲವನ್ನಾಗಿ ಪರಿವರ್ತಿಸುತ್ತದೆ ಎಂದು ತೋರಿಸಿದ. ಆ ಅನಿಲ ಮೂರು ಮೀಥೈಲ್ ಗುಂಪುಗಳನ್ನು ಹೊತ್ತ ಆರ್ಸೆನಿಕ್ ಎಂಬುದನ್ನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫ್ರೆಡರಿಕ್ ಚಾಲೆಂಜರ್ 1930ರ ದಶಕದಲ್ಲಿ ಖಚಿತಪಡಿಸಿದ. ಆ ಅನಿಲವೇ ಜನರನ್ನು ಕೊಂದಿತೆಂಬ ಹಳೆಯ ನಂಬಿಕೆಯನ್ನು ಈಚಿನ ವಿದ್ವಾಂಸರು ಅಷ್ಟಾಗಿ ಒಪ್ಪುವುದಿಲ್ಲ. ಆದರೂ ಒಂದು ಮುಖ್ಯ ಸಂಗತಿ ಸಿದ್ಧವಾಗಿತ್ತು: ವಿಷದ ನಡುವೆ ಬೆಳೆಯುವ ಜೀವಿಗಳುಂಟು, ಅವು ವಿಷದ ರೂಪವನ್ನೇ ಬದಲಿಸಬಲ್ಲವು.

ಎರಡನೆಯ ಸುಳಿವು ದಕ್ಷಿಣ ಆಫ್ರಿಕದ ದನದ ಹಟ್ಟಿಗಳಿಂದ ಬಂತು. ಅಲ್ಲಿ ಉಣುಗುಗಳಿಂದ ಹರಡುವ ರೋಗಗಳನ್ನು ತಡೆಯಲು ದನಗಳನ್ನು ಆರ್ಸೆನಿಕ್ ಬೆರೆಸಿದ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಾಯಿಸುತ್ತಿದ್ದರು. ತೊಟ್ಟಿಯಲ್ಲಿ ಹಾಕಿದ ಮದ್ದು ಅದೇ ರೂಪದಲ್ಲಿ ಉಳಿಯುತ್ತಿರಲಿಲ್ಲ. ಇದರ ಕಾರಣವನ್ನು ಹುಡುಕಿದ ಎಚ್. ಎಚ್. ಗ್ರೀನ್ 1918ರಲ್ಲಿ ಆ ತೊಟ್ಟಿಯಿಂದಲೇ ಎರಡು ಬಗೆಯ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿದ. ಒಂದು ಆರ್ಸೆನೈಟನ್ನು ಆರ್ಸೆನೇಟಾಗಿ ಮಾರ್ಪಡಿಸುತ್ತಿತ್ತು. ಇನ್ನೊಂದು ಇದಕ್ಕೆ ತದ್ವಿರುದ್ಧವಾಗಿ ಆರ್ಸೆನೇಟನ್ನು ಆರ್ಸೆನೈಟಾಗಿ ಹಿಂತಿರುಗಿಸುತ್ತಿತ್ತು.

ಮೂರನೆಯ ಸುಳಿವು ಆಸ್ಪತ್ರೆಗಳ ರೋಗಾಣುಗಳಲ್ಲಿ ದೊರೆಯಿತು. ಕೀವು ಹುಟ್ಟಿಸುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಗಳಲ್ಲಿ ಪೆನಿಸಿಲಿನ್‌ಗೆ ಬಗ್ಗದ ಗುಣವನ್ನು ಹೊತ್ತ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳೇ ಆರ್ಸೆನಿಕ್‌ಗೆ ಬಗ್ಗದ ಗುಣವನ್ನೂ ಹೊತ್ತಿವೆ ಎಂದು 1968ರಲ್ಲಿ ಗೊತ್ತಾಯಿತು. 1973ರಲ್ಲಿ ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯದಲ್ಲಿಯೂ ಇಂಥದೇ ಪ್ಲಾಸ್ಮಿಡ್ ಸಿಕ್ಕಿತು. ಅಮೆರಿಕದ ಸೈಮನ್ ಸಿಲ್ವರ್, ಬ್ಯಾರಿ ರೋಸೆನ್ ಮೊದಲಾದವರು 1980ರ ದಶಕದಿಂದ ಇವುಗಳಲ್ಲಿನ ಜೀನುಗಳನ್ನೂ ಅವು ತಯಾರಿಸುವ ಪ್ರೋಟೀನುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದರು. ಹಿಂದೆ ಗುಹ್ಯರೋಗಗಳಿಗೆ ಆರ್ಸೆನಿಕ್ ಸೇರಿದ ಮದ್ದುಗಳನ್ನು ಕೊಡುತ್ತಿದ್ದುದುಂಟು. 1910ರಲ್ಲಿ ಬಂದ ಪಾಲ್ ಎರ್‌ಲಿಚ್‌ನ ಸಾಲ್ವರ್ಸಾನ್ ಅವುಗಳಲ್ಲಿ ಹೆಸರಾದುದು. ಬ್ಯಾಕ್ಟೀರಿಯಗಳು ಆ ಮದ್ದುಗಳಿಗೆ ಪ್ರತಿಯಾಗಿ ಈ ಜೀನುಗಳನ್ನು ಪಡೆದವೆಂದು ಯಾರಾದರೂ ಊಹಿಸಬಹುದು. ಆದರೆ ಆಸ್ಪತ್ರೆಯನ್ನೇ ಕಾಣದ ಮಣ್ಣು, ಕಡಲು, ಬಿಸಿನೀರ ಬುಗ್ಗೆಗಳ ಬ್ಯಾಕ್ಟೀರಿಯಗಳಲ್ಲಿಯೂ ಇವೇ ಜೀನುಗಳು ತುಂಬಿವೆ. ಹಾಗಾದರೆ ಇವುಗಳ ಮೂಲ ಮನುಷ್ಯನಿಗಿಂತ ಬಹಳ ಹಿಂದೆ ಇರಬೇಕು.

ಎರಡು ರೂಪಗಳ ವಿಷ

ಮೇಲೆ ಹೇಳಿದ ಎರಡು ಹೆಸರುಗಳನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಆರ್ಸೆನೈಟ್ ಎಂಬುದು ಆಮ್ಲಜನಕ ಕಡಿಮೆ ಇರುವ ಕಡೆಯ ರೂಪ. ಆರ್ಸೆನೇಟ್ ಎಂಬುದು ಆಮ್ಲಜನಕ ಧಾರಾಳವಾಗಿರುವ ಕಡೆಯ ರೂಪ. ಎರಡೂ ವಿಷವೇ, ಆದರೆ ಕೊಲ್ಲುವ ಬಗೆ ಬೇರೆ.

ಮೂಲವಸ್ತುಗಳ ಕೋಷ್ಟಕದಲ್ಲಿ ಆರ್ಸೆನಿಕ್‌ನ ಸಂಖ್ಯೆ 33. ಅದರ ಸ್ಥಾನ ರಂಜಕದ ನೇರ ಕೆಳಗಿನ ಮನೆ. ಆದುದರಿಂದ ಆರ್ಸೆನೇಟಿಗೂ ರಂಜಕದ ಫಾಸ್ಫೇಟಿಗೂ ಅವಳಿಗಳಷ್ಟು ಹೋಲಿಕೆ. ಫಾಸ್ಫೇಟ್ ಇಲ್ಲದೆ ಯಾವ ಜೀವಕೋಶವೂ ಬದುಕದು. ಡಿಎನ್‌ಎ ಎಳೆಗೂ ಅದು ಬೇಕು, ಕೋಶದ ಶಕ್ತಿಯ ನಾಣ್ಯವಾದ ಎಟಿಪಿಗೂ ಬೇಕು. ಫಾಸ್ಫೇಟಿಗೆ ತೆರೆದ ಬಾಗಿಲಿನಿಂದಲೇ ಆರ್ಸೆನೇಟ್ ಒಳಗೆ ನುಸುಳುತ್ತದೆ, ಅದರ ಜಾಗದಲ್ಲಿ ಕುಳಿತುಕೊಳ್ಳುತ್ತದೆ. ಆದರೆ ಅದು ಕಟ್ಟಿದ ಬಂಧ ನಿಲ್ಲುವುದಿಲ್ಲ, ಕ್ಷಣದಲ್ಲಿ ಕಳಚಿಕೊಳ್ಳುತ್ತದೆ. ಶಕ್ತಿಯ ವ್ಯವಹಾರವೇ ಕೆಡುತ್ತದೆ. ಆರ್ಸೆನೈಟಿನದು ಬೇರೆ ದಾರಿ. ಪ್ರೋಟೀನುಗಳಲ್ಲಿರುವ ಗಂಧಕದ ಕೊಂಡಿಗಳನ್ನು ಅದು ಬಿಗಿಯಾಗಿ ಹಿಡಿದು, ಹತ್ತಾರು ಕಿಣ್ವಗಳ ಕೆಲಸವನ್ನು ಒಟ್ಟಿಗೇ ನಿಲ್ಲಿಸುತ್ತದೆ. ಎರಡರಲ್ಲಿ ಆರ್ಸೆನೈಟೇ ಹೆಚ್ಚು ಉಗ್ರ.

ಇಲ್ಲಿಯೇ ಒಂದು ಒಗಟು ಎದುರಾಗುತ್ತದೆ. ಇಂದಿನ ಬ್ಯಾಕ್ಟೀರಿಯದೊಳಗೆ ಆರ್ಸೆನೇಟ್ ಹೊಕ್ಕಾಗ ಅದು ಮೊದಲು ಏನು ಮಾಡುತ್ತದೆ? ಒಂದು ಕಿಣ್ವದ ಮೂಲಕ ಅದನ್ನು ಆರ್ಸೆನೈಟನ್ನಾಗಿ ಮಾಡುತ್ತದೆ. ಅಂದರೆ ಕಡಿಮೆ ವಿಷವನ್ನು ಹೆಚ್ಚು ವಿಷವಾಗಿಸುತ್ತದೆ! ಆಮೇಲೆ ಕೋಶದ ಪೊರೆಯಲ್ಲಿರುವ ಒಂದು ಪಂಪು ಆ ಆರ್ಸೆನೈಟನ್ನು ಹೊರಗೆ ಹಾಕುತ್ತದೆ. ಹಾವನ್ನು ಹೊರಗೆ ಓಡಿಸುವ ಮುನ್ನ ಅದನ್ನು ಕೆಣಕಿದಂತಾಯಿತಲ್ಲ? ಇಂಥ ಸುತ್ತುಬಳಸಿನ ಏರ್ಪಾಡು ಏಕೆ ಬಂತು ಎಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ.

ಹಸ್ತಪ್ರತಿಗಳಂತೆ ಜೀನುಗಳು

ಸೂಕ್ಷ್ಮಜೀವಿಗಳು ಮೂಳೆ ಬಿಟ್ಟುಹೋಗುವುದಿಲ್ಲ, ಶಾಸನ ಕೆತ್ತಿಸುವುದಿಲ್ಲ. ಅವುಗಳ ಇತಿಹಾಸ ಬರೆಯುವುದು ಹೇಗೆ? ನಮ್ಮ ಗ್ರಂಥಸಂಪಾದಕರು ಮಾಡುವ ಕೆಲಸವನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಾವ್ಯದ ಹತ್ತು ಓಲೆಪ್ರತಿಗಳು ದೊರೆತಾಗ, ಲಿಪಿಕಾರರ ತಪ್ಪುಗಳನ್ನು ಹೋಲಿಸಿ, ಯಾವ ಪ್ರತಿಯಿಂದ ಯಾವುದು ಇಳಿಯಿತು, ಯಾವುದು ಹಳೆಯದು ಎಂದು ಅವರು ನಿರ್ಣಯಿಸುತ್ತಾರೆ. ಜೀನುಗಳೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತವೆ, ನಕಲಿನಲ್ಲಿ ತಪ್ಪುಗಳು ಸೇರುತ್ತವೆ. ಬೇರೆಬೇರೆ ಜೀವಿಗಳಲ್ಲಿನ ಒಂದೇ ಜೀನಿನ ಪಾಠಾಂತರಗಳನ್ನು ಹೋಲಿಸಿದರೆ ವಂಶವೃಕ್ಷ ಸಿಗುತ್ತದೆ. ತಪ್ಪುಗಳು ಸೇರುವ ವೇಗವನ್ನು ಅಂದಾಜು ಮಾಡಿದರೆ ಕಾಲವೂ ಸ್ಥೂಲವಾಗಿ ಸಿಗುತ್ತದೆ. ಇದನ್ನು ಅಣು ಗಡಿಯಾರ ಎನ್ನುತ್ತಾರೆ. ಈ ಗಡಿಯಾರ ನಿಮಿಷ ತೋರಿಸುವಂಥದಲ್ಲ. ಕೋಟಿಗಟ್ಟಲೆ ವರ್ಷ ಹೆಚ್ಚುಕಡಿಮೆಯಾಗಬಹುದು. ಅಲ್ಲದೆ ಒಂದು ಕಾವ್ಯದೊಳಗೆ ಇನ್ನೊಂದರ ಪದ್ಯ ಪ್ರಕ್ಷಿಪ್ತವಾಗುವಂತೆ, ಒಂದು ಬ್ಯಾಕ್ಟೀರಿಯದ ಜೀನು ನೆಂಟಸ್ತಿಕೆಯಿಲ್ಲದ ಇನ್ನೊಂದಕ್ಕೆ ಹಾರಿ ಸೇರುವುದೂ ಉಂಟು. ಇವನ್ನೆಲ್ಲ ಗಮನದಲ್ಲಿಟ್ಟುಕೊಂಡೇ ಲೆಕ್ಕ ಹಾಕಬೇಕು.

ಆರ್ಸೆನಿಕ್‌ಗೆ ಸಂಬಂಧಿಸಿದ 13 ಜೀನು ಕುಟುಂಬಗಳನ್ನು ಹೀಗೆ ಪರಿಶೀಲಿಸಿದ ಒಂದು ವಿಸ್ತಾರವಾದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಚೀನಾ, ಅಮೆರಿಕ ಮುಂತಾದೆಡೆಯ ವಿಜ್ಞಾನಿಗಳು ಸೇರಿ ನಡೆಸಿದ ಈ ಕೆಲಸದಲ್ಲಿ ಹಿಂದೆ ಹೇಳಿದ ಬ್ಯಾರಿ ರೋಸೆನ್ ಕೂಡ ಇದ್ದರು. ಅದು ಬಿಡಿಸಿಟ್ಟ ಚಿತ್ರ ಹೀಗಿದೆ.

ಪ್ರಾಣವಾಯು ತಂದ ಕಷ್ಟ

ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸು. ಅದರ ಮೊದಲ ಅರ್ಧದ ಬಹುಭಾಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಜ್ವಾಲಾಮುಖಿಗಳಿಂದಲೂ ಕಡಲತಳದ ಬಿಸಿನೀರ ಬುಗ್ಗೆಗಳಿಂದಲೂ ಬಂದ ಆರ್ಸೆನಿಕ್ ಆಗ ಹೆಚ್ಚಾಗಿ ಆರ್ಸೆನೈಟ್ ರೂಪದಲ್ಲಿಯೇ ಇತ್ತು. ಅಂದಿನ ಸೂಕ್ಷ್ಮಜೀವಿಗಳು ಅದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು: ಒಳಗೆ ಬಂದ ಆರ್ಸೆನೈಟನ್ನು ಪಂಪಿನಿಂದ ಹೊರಗೆ ಹಾಕುವುದು. ಆರ್ಸೆನಿಕ್‌ಗೆ ಮೀಥೈಲ್ ಗುಂಪನ್ನು ಜೋಡಿಸುವ ಕಿಣ್ವವೂ ಬಹು ಹಿಂದಿನದು. ಪಶ್ಚಿಮ ಆಸ್ಟ್ರೇಲಿಯದಲ್ಲಿ 272 ಕೋಟಿ ವರ್ಷ ಹಿಂದಿನ ಪದರಗಲ್ಲುಗಳಿವೆ. ಸೂಕ್ಷ್ಮಜೀವಿಗಳ ಚಾಪೆಗಳು ಕಲ್ಲಾಗಿ ಉಳಿದ ಅವುಗಳಲ್ಲಿ ಆರ್ಸೆನಿಕ್ ಜೈವಿಕ ಇಂಗಾಲದ ಕಣಗಳೊಡನೆ ಸೇರಿಕೊಂಡಿರುವುದನ್ನು 2014ರಲ್ಲಿ ವರದಿ ಮಾಡಲಾಯಿತು. ಆ ಕಾಲಕ್ಕೇ ಜೀವಿಗಳು ಆರ್ಸೆನಿಕ್‌ನೊಡನೆ ವ್ಯವಹಾರ ನಡೆಸಿದ್ದವೆಂಬುದಕ್ಕೆ ಇದೊಂದು ಆಧಾರ.

ಸುಮಾರು 240 ಕೋಟಿ ವರ್ಷಗಳ ಹಿಂದೆ ದೊಡ್ಡದೊಂದು ಬದಲಾವಣೆ ಆಯಿತು. ನೀಲಹಸಿರು ಬ್ಯಾಕ್ಟೀರಿಯಗಳು ಬಿಸಿಲಿನಲ್ಲಿ ಆಹಾರ ತಯಾರಿಸುತ್ತ ಹೊರಬಿಟ್ಟ ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು. ನಾವು ಪ್ರಾಣವಾಯು ಎಂದು ಕರೆಯುವ ಅನಿಲ ಅಂದಿನ ಜೀವಲೋಕಕ್ಕೆ ತಂದದ್ದು ಸಂಕಟ. ಆರ್ಸೆನೈಟ್ ಆರ್ಸೆನೇಟಾಗಿ, ಫಾಸ್ಫೇಟಿನ ವೇಷದಲ್ಲಿ ಕೋಶದೊಳಗೆ ನುಗ್ಗಿತು. ಹಳೆಯ ಪಂಪಿಗೆ ಈ ಹೊಸ ರೂಪದ ಗುರುತೇ ಇಲ್ಲ. ಫಾಸ್ಫೇಟನ್ನು ಒಳಗುಳಿಸಿಕೊಂಡು ಅದರ ತದ್ರೂಪನ್ನು ಮಾತ್ರ ಆರಿಸಿ ಹೊರಗೆ ಹಾಕುವುದು ಕಷ್ಟದ ಕೆಲಸ.

ಆಗ ನಡೆದದ್ದೇ ನಾವು ಒಗಟೆಂದು ಕಂಡ ಏರ್ಪಾಡು. ಆರ್ಸೆನೇಟನ್ನು ಆರ್ಸೆನೈಟಾಗಿ ತಿರುಗಿಸುವ ಹೊಸ ಕಿಣ್ವವೊಂದು ಬಂದರೆ ಸಾಕು, ಮುಂದಿನ ಕೆಲಸವನ್ನು ಹಳೆಯ ಪಂಪೇ ಮಾಡುತ್ತದೆ. ಮನೆಗೆ ಹೊಸ ಕೋಣೆ ಸೇರಿಸಿದವರು ಅದರ ನೀರನ್ನು ಹಳೆಯ ಬಚ್ಚಲಿಗೇ ತಿರುಗಿಸುವಂತೆ. ಹೊಸದಾಗಿ ಯೋಚಿಸಿ ಕಟ್ಟಿದ್ದರೆ ಹೀಗೆ ಕಟ್ಟುತ್ತಿರಲಿಲ್ಲ. ಇದ್ದುದರ ಮೇಲೆ ಕಟ್ಟಿದ್ದರಿಂದ ಹೀಗಾಯಿತು. ಇಂದಿಗೂ ಹೆಚ್ಚಿನ ಬ್ಯಾಕ್ಟೀರಿಯಗಳು ಆರ್ಸೆನೇಟನ್ನು ಒಮ್ಮೆ ಉಗ್ರವಾಗಿಸಿಯೇ ಹೊರಗಟ್ಟುತ್ತಿರುವುದರ ಹಿಂದೆ ಆಮ್ಲಜನಕವಿಲ್ಲದ ಭೂಮಿಯ ನೆನಪಿದೆ.

ಈ ಹೊಸ ಕಿಣ್ವ ಒಂದೇ ಸಾರಿ ಹುಟ್ಟಲಿಲ್ಲ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. ಇ. ಕೋಲಿಯಲ್ಲಿರುವುದು ಒಂದು ವಂಶದ್ದು. ಸ್ಟೆಫೈಲೊಕಾಕಸ್‌ನಲ್ಲಿರುವುದು ಇನ್ನೊಂದು ವಂಶದ್ದು. ಪ್ರೋಟೀನುಗಳಿಂದ ಫಾಸ್ಫೇಟ್ ಕಳಚುವ ಕಿಣ್ವಗಳಿಗೆ ಅದು ನೆಂಟ. ಯೀಸ್ಟಿನಲ್ಲಿರುವುದು ಮೂರನೆಯ ವಂಶದ್ದು. ಕೋಶವಿಭಜನೆಯನ್ನು ನಿಯಂತ್ರಿಸುವ ಬೇರೊಂದು ಫಾಸ್ಫೇಟ್ ಕಿಣ್ವಕ್ಕೆ ನೆಂಟ. ಮೂರು ಊರಿನವರು ಮಾತಾಡಿಕೊಳ್ಳದೆ ಒಂದೇ ಬಗೆಯ ಏತ ಕಟ್ಟಿದ ಹಾಗಾಯಿತು. ಇವುಗಳಲ್ಲಿ ಎರಡು, ಫಾಸ್ಫೇಟನ್ನು ಹಿಡಿಯುವ ಕಿಣ್ವಗಳ ಮನೆತನದವು ಎಂಬುದು ಸಹಜವೇ. ಅವಳಿಗಳಲ್ಲಿ ಒಬ್ಬನನ್ನು ಹಿಡಿಯಬಲ್ಲ ಕೈಗೆ ಇನ್ನೊಬ್ಬನನ್ನು ಹಿಡಿಯುವುದು ದೊಡ್ಡ ಮಾತಲ್ಲ. ಯೀಸ್ಟಿನ ಈ ಕಿಣ್ವದಲ್ಲಿ ಕೆಲವೇ ಬದಲಾವಣೆಗಳನ್ನು ಮಾಡಿ ಅದನ್ನು ಮತ್ತೆ ಫಾಸ್ಫೇಟ್ ಕಳಚುವ ಕಿಣ್ವವನ್ನಾಗಿಸಬಹುದೆಂದು ರೋಸೆನ್ ತಂಡ 2003ರಲ್ಲಿ ತೋರಿಸಿತು.

ಇನ್ನು ಮೀಥೈಲ್ ಜೋಡಿಸುವ ಹಳೆಯ ಕಿಣ್ವದ ಮಾತು. ಬಹುಕಾಲ ಇದನ್ನು ವಿಷ ಕಳೆಯುವ ಉಪಾಯವೆಂದೇ ಭಾವಿಸಲಾಗಿತ್ತು. ಆದರೆ ಅದು ಮೊದಲು ತಯಾರಿಸುವ ವಸ್ತು ಆರ್ಸೆನೈಟಿಗಿಂತಲೂ ಉಗ್ರವಾದ ವಿಷ. ಗಾಳಿಯಿರುವ ಕಡೆ ಅದು ತಾನಾಗಿಯೇ ಉತ್ಕರ್ಷಣಗೊಂಡು ಸೌಮ್ಯವಾಗುತ್ತದೆ. ಗಾಳಿಯಿಲ್ಲದ ಪುರಾತನ ಭೂಮಿಯಲ್ಲಿ ಹಾಗಾಗುವಂತಿರಲಿಲ್ಲ. ಆದ್ದರಿಂದ ಇದು ಆದಿಯಲ್ಲಿ ನೆರೆಹೊರೆಯ ಜೀವಿಗಳ ಮೇಲೆ ಬಿಡುವ ಅಸ್ತ್ರವಾಗಿತ್ತು ಎಂದು ರೋಸೆನ್ ಮತ್ತು ಸಂಗಡಿಗರು ಸೂಚಿಸಿದ್ದಾರೆ. ಅಸ್ತ್ರ ಬಂದಮೇಲೆ ಗುರಾಣಿಯೂ ಬರಲೇಬೇಕಲ್ಲವೇ? ಆ ವಿಷದಿಂದ ಮೀಥೈಲನ್ನು ಕತ್ತರಿಸಿಹಾಕುವ ಕಿಣ್ವವೊಂದಿದೆ. ಅದು ಕೆಲಸ ಮಾಡಲು ಆಮ್ಲಜನಕ ಬೇಕೇ ಬೇಕು. ಸಂಕಟ ತಂದ ಅನಿಲವನ್ನೇ ಜೀವಿಗಳು ಆಮೇಲೆ ಚಿಕಿತ್ಸೆಗೆ ಬಳಸಿಕೊಂಡವು.

ಉಣ್ಣುವವರು, ಉಸಿರಾಡುವವರು

ಕೆಲವು ಸೂಕ್ಷ್ಮಜೀವಿಗಳು ಇನ್ನೂ ಮುಂದೆ ಹೋದವು. ಗ್ರೀನ್ ಕಂಡ ಮೊದಲ ಬಗೆಯವುಗಳ ನೆಂಟರಲ್ಲಿ ಕೆಲವು ಆರ್ಸೆನೈಟನ್ನು ಆರ್ಸೆನೇಟಾಗಿಸುವಾಗ ಸಿಗುವ ಶಕ್ತಿಯಿಂದಲೇ ಬದುಕುತ್ತವೆ. ಈ ಕಿಣ್ವದ ಹೃದಯದಲ್ಲಿ ಮಾಲಿಬ್ಡಿನಂ ಲೋಹವಿದೆ. ಇದು ಅತ್ಯಂತ ಪುರಾತನವೆಂದು 2003ರ ಒಂದು ಅಧ್ಯಯನ ವಾದಿಸಿತು. ಇದರ ವಯಸ್ಸಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಮೂಡಿಲ್ಲ. ಇದಕ್ಕೆ ತಿರುಗುಮುರುಗಾಗಿ, ನಾವು ಆಮ್ಲಜನಕ ಉಸಿರಾಡುವಂತೆ ಆರ್ಸೆನೇಟನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯವೊಂದು 1994ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ಮಲಿನ ಕೆಸರಿನಲ್ಲಿ ಸಿಕ್ಕಿತು. ಕ್ಯಾಲಿಫೋರ್ನಿಯದ ಮೋನೋ ಸರೋವರದ ಬಿಸಿನೀರ ಬುಗ್ಗೆಗಳಲ್ಲಿ, ಬಿಸಿಲು ಮತ್ತು ಆರ್ಸೆನೈಟ್ ಬಳಸಿ ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಗಳ ವರದಿ 2008ರಲ್ಲಿ ಬಂತು.

ಇದೇ ಸರೋವರದ ಇನ್ನೊಂದು ಬ್ಯಾಕ್ಟೀರಿಯ 2010ರಲ್ಲಿ ಜಗತ್ತಿನ ಗಮನ ಸೆಳೆಯಿತು. ಅದು ತನ್ನ ಡಿಎನ್‌ಎಯಲ್ಲಿ ರಂಜಕದ ಬದಲು ಆರ್ಸೆನಿಕನ್ನೇ ಕಟ್ಟಿಕೊಳ್ಳುತ್ತದೆ ಎಂದು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೆ 2012ರಲ್ಲಿ ಬೇರೆ ಪ್ರಯೋಗಶಾಲೆಗಳವರು ಪರೀಕ್ಷಿಸಿದಾಗ ಅದು ಸಾಮಾನ್ಯ ಬ್ಯಾಕ್ಟೀರಿಯದಂತೆ ರಂಜಕವನ್ನೇ ನೆಚ್ಚಿರುವುದು ತಿಳಿಯಿತು. ಪತ್ರಿಕೆ 2025ರಲ್ಲಿ ಆ ಲೇಖನವನ್ನು ಹಿಂತೆಗೆದುಕೊಂಡಿತು. ಇಷ್ಟು ಕೋಟಿ ವರ್ಷಗಳಲ್ಲಿ ಜೀವಿಗಳು ಆರ್ಸೆನಿಕನ್ನು ಏನೆಲ್ಲ ಮಾಡಲು ಕಲಿತರೂ ಅದನ್ನು ತಮ್ಮ ಮೈಯ ಕಂಬವನ್ನಾಗಿ ಮಾತ್ರ ಮಾಡಿಕೊಂಡಂತಿಲ್ಲ.

ಸಾಲ ಪಡೆದು ಬದುಕಿದವರೂ ಇದ್ದಾರೆ. ಬಿಸಿ ಆಮ್ಲದ ನೀರಿನಲ್ಲಿ ಬೆಳೆಯುವ ಗಾಲ್ಡಿಯೇರಿಯ ಎಂಬ ಕೆಂಪು ಪಾಚಿ ಆರ್ಸೆನಿಕ್ ಹೊರಹಾಕುವ ಜೀನನ್ನು ಬ್ಯಾಕ್ಟೀರಿಯಗಳಿಂದ ಪಡೆದುದೆಂದು 2013ರಲ್ಲಿ ತಿಳಿಯಿತು. ನಮ್ಮ ಯಕೃತ್ತಿನಲ್ಲಿಯೂ ಆರ್ಸೆನಿಕ್‌ಗೆ ಮೀಥೈಲ್ ಜೋಡಿಸುವ ಕಿಣ್ವವಿದೆ. ಅದರ ಮೂಲವೂ ಬ್ಯಾಕ್ಟೀರಿಯವೇ ಎಂದು 2017ರ ಒಂದು ಅಧ್ಯಯನ ಹೇಳುತ್ತದೆ. ಅರ್ಜೆಂಟೀನದ ಆಂಡೀಸ್ ಪರ್ವತದ ಒಂದು ಊರಿನವರು ಸಾವಿರಾರು ವರ್ಷ ಆರ್ಸೆನಿಕ್ ತುಂಬಿದ ನೀರನ್ನೇ ಕುಡಿದು ಬಾಳಿದವರು. ಈ ಕಿಣ್ವದ ಹೆಚ್ಚು ಸಮರ್ಥ ರೂಪ ಅವರಲ್ಲಿ ವಿಶೇಷವಾಗಿ ಹಬ್ಬಿರುವುದು 2015ರಲ್ಲಿ ಬೆಳಕಿಗೆ ಬಂತು. ಆದರೆ ಆ ಹೊಂದಾಣಿಕೆಗೆ ಎಷ್ಟೋ ತಲೆಮಾರುಗಳು ಬೇಕಾದವು. ಅದರ ಬೆಲೆಯನ್ನು ತೆತ್ತವರು ಬದುಕಿ ಉಳಿಯದವರು.

ನಮ್ಮ ಬಾವಿಗಳು

ಬಂಗಾಳದ ಜನಕ್ಕೆ ಅಷ್ಟು ಕಾಲಾವಕಾಶ ಸಿಗಲಿಲ್ಲ. ಕೆರೆಕುಂಟೆಗಳ ನೀರಿನಿಂದ ಬರುವ ವಾಂತಿಭೇದಿಯನ್ನು ತಪ್ಪಿಸಲೆಂದು ಗಂಗಾ ಬಯಲಿನಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಕೊರೆಯಲಾಯಿತು. 1983ರಲ್ಲಿ ಕಲ್ಕತ್ತೆಯ ಚರ್ಮರೋಗ ತಜ್ಞ ಡಾ. ಕೆ. ಸಿ. ಸಾಹಾ ಹಳ್ಳಿಗಳಿಂದ ಬಂದ ರೋಗಿಗಳ ಅಂಗೈ ಅಂಗಾಲುಗಳ ಗಂಟು, ಮೈಮೇಲಿನ ಕಲೆಗಳನ್ನು ನೋಡಿ ಅದು ಆರ್ಸೆನಿಕ್ ವಿಷವೆಂದು ಗುರುತಿಸಿದರು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ ಬಾಂಗ್ಲಾದೇಶವೊಂದರಲ್ಲೇ, ಅಂದಿನ 12.5 ಕೋಟಿ ಜನರಲ್ಲಿ, 3.5 ಕೋಟಿಯಿಂದ 7.7 ಕೋಟಿ ಮಂದಿ ಈ ಅಪಾಯಕ್ಕೆ ಸಿಕ್ಕಿದ್ದರು.

ಹಿಮಾಲಯದಿಂದ ಬಂದ ಮೆಕ್ಕಲಿನಲ್ಲಿ ಆರ್ಸೆನಿಕ್ ಕಬ್ಬಿಣದ ತುಕ್ಕಿಗೆ ಅಂಟಿಕೊಂಡು ನಿರುಪದ್ರವಿಯಾಗಿ ಕುಳಿತಿತ್ತು. ಅದನ್ನು ಬಿಡಿಸಿದವರು ಯಾರು? ಆಮ್ಲಜನಕವಿಲ್ಲದ ಆಳದಲ್ಲಿ ಕಬ್ಬಿಣವನ್ನು ಉಸಿರಾಟಕ್ಕೆ ಬಳಸುವ ಬ್ಯಾಕ್ಟೀರಿಯಗಳು ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ ಎಂದು ಬಂಗಾಳದ ಕೆಸರಿನ ಮೇಲೆ ನಡೆದ ಪ್ರಯೋಗಗಳು 2004ರಲ್ಲಿ ತೋರಿಸಿದವು. ಆರ್ಸೆನೇಟನ್ನೇ ಉಸಿರಾಡುವ ಬ್ಯಾಕ್ಟೀರಿಯಗಳೂ ಅಲ್ಲಿ ಕೈಜೋಡಿಸುತ್ತವೆ. ಹೊರಬಂದ ಆರ್ಸೆನೈಟ್ ಸುಲಭವಾಗಿ ನೀರಿನೊಡನೆ ಹರಿಯುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲೂ ಹೀಗೆಯೇ ಆಗಿ ಅದು ಬೆಳೆಗೆ ಸೇರುತ್ತದೆ.

ಬಂಗಾಳದಲ್ಲಿ ಆರ್ಸೆನಿಕ್ ಇದ್ದದ್ದು ಮೆಕ್ಕಲಿನಲ್ಲಿ. ಬೇರೆ ಕೆಲವೆಡೆ ಅದು ಚಿನ್ನದ ಅದಿರಿನ ಜೊತೆಗಾರ. ಕಬ್ಬಿಣ, ಗಂಧಕ, ಆರ್ಸೆನಿಕ್ ಸೇರಿದ ಖನಿಜದೊಳಗೆ ಚಿನ್ನ ಅಡಗಿರುವುದುಂಟು. ದಕ್ಷಿಣ ಆಫ್ರಿಕದಲ್ಲಿ 1980ರ ದಶಕದಿಂದ ಅಂಥ ಅದಿರನ್ನು ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಗಳಿಂದ ಕರಗಿಸಿ ಚಿನ್ನ ತೆಗೆಯಲಾಗುತ್ತಿದೆ. ಆ ತೊಟ್ಟಿಗಳ ಬ್ಯಾಕ್ಟೀರಿಯಗಳು ಆರ್ಸೆನಿಕ್ ತಡೆಯುವ ಹೆಚ್ಚುವರಿ ಜೀನುಗಳನ್ನು ಹಾರುವ ಡಿಎನ್‌ಎ ತುಣುಕುಗಳ ಮೂಲಕ ಪಡೆದುಕೊಂಡಿರುವುದು 2005ರ ಹೊತ್ತಿಗೆ ಗೊತ್ತಾಯಿತು. ಹಳೆಯ ಇತಿಹಾಸ ಈಗಲೂ ನಡೆಯುತ್ತಲೇ ಇದೆ.

ನಮ್ಮ ಕರ್ನಾಟಕದ ಚಿನ್ನದ ನೆಲಕ್ಕೂ ಈ ಮಾತು ಅನ್ವಯಿಸುತ್ತದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಮಂಗಳೂರು ಎಂಬ ಊರಿನ ಸುತ್ತ ಹಿಂದೆ ಚಿನ್ನದ ಗಣಿಯಿತ್ತು. ಅಲ್ಲಿನ ಕಿರದಳ್ಳಿ ತಾಂಡಾ ಮೊದಲಾದೆಡೆಯ ನೀರಿನಲ್ಲಿ ಆರ್ಸೆನಿಕ್ ಇರುವುದನ್ನೂ ಜನರ ಚರ್ಮದ ಮೇಲೆ ಅದರ ಗುರುತುಗಳನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿತು. ಬಂಗಾಳದಲ್ಲಿ ದುಡಿದ ದೀಪಂಕರ ಚಕ್ರವರ್ತಿಯವರೇ ಇದರಲ್ಲಿಯೂ ಇದ್ದರು.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಅದನ್ನು ಮೀರಿದ ನೀರಿಗೂ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ನಮ್ಮ ನಾಲಗೆಗೆ ತಿಳಿಯದ್ದನ್ನು ಬ್ಯಾಕ್ಟೀರಿಯ ತಿಳಿಯಬಲ್ಲುದು. ಆರ್ಸೆನಿಕ್ ಜೀನುಗಳ ಮೇಲೆ ಕಾವಲುಗಾರನಂತೆ ಕುಳಿತ ಒಂದು ಪ್ರೋಟೀನು ಆರ್ಸೆನೈಟ್ ತಗುಲಿದೊಡನೆ ಪಕ್ಕಕ್ಕೆ ಸರಿದು, ಪಂಪು ಮತ್ತು ಕಿಣ್ವಗಳ ತಯಾರಿಕೆಗೆ ದಾರಿ ಬಿಡುತ್ತದೆ. ಈ ಕಾವಲುಗಾರನಿಗೆ ಬೆಳಕು ಅಥವಾ ಬಣ್ಣ ಕೊಡುವ ಜೀನನ್ನು ಜೋಡಿಸಿ, ಬಾವಿಯ ನೀರನ್ನು ಪರೀಕ್ಷಿಸುವ ಬ್ಯಾಕ್ಟೀರಿಯಗಳನ್ನು ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ.

ಸೂಕ್ಷ್ಮಜೀವಿಗೆ ವಿಷ ಬಂದರೆ ಅದನ್ನು ಹೊರಗೆ ಹಾಕಿ ಬದುಕುವ ದಾರಿಯಿದೆ. ಅದರ ಹೊರಗು ಎಂದರೆ ನಮ್ಮ ಬಾವಿಯ ನೀರು. ಕೋಟ್ಯಂತರ ವರ್ಷ ಕಾದು ಹೊಸ ಕಿಣ್ವ ಪಡೆಯುವ ಭಾಗ್ಯ ನಮಗಿಲ್ಲ. ನಮಗಿರುವ ಉಪಾಯ ಹೆಚ್ಚು ಸುಲಭವಾದುದು: ಕೊಳವೆಬಾವಿ ಕೊರೆಸಿದಾಗ ನೀರು ಬಂತೆಂದು ಸಂತೋಷಪಡುವುದರ ಜೊತೆಗೆ, ಆ ನೀರಿನಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸಿ ಆಮೇಲೆ ಕೊಡ ತುಂಬುವುದು.